ಸೂಟಿಗೂ ಊರಿಗೆ ಹೋಗದ ಮಕ್ಕಳು



ವೈಶಾಖ ಬಂತೆಂದರೆ ನಮ್ಮ ಜತ್ತದ ಕಡೆ ಮಾಳಿಗೆಯ ತುಂಬ ಹಪ್ಪಳ, ಸಂಡಿಗೆ, ಶಾವಿಗೆ. ಅಕ್ಷಯ ತದಿಗೆಯ ದಿನ ಆದಿನಾಥ ಸ್ವಾಮಿಯ ಪಾರಣೆ ನೆನೆದು ಕುಡಿದ ಕಬ್ಬಿನ ಹಾಲಿನ ಸಿಹಿ ಬಾಯಲ್ಲಿರುವಾಗಲೇ ತಾಯಂದಿರಿಗೆ ಇನ್ನೊಂದು ಚಿಂತೆ ಶುರುವಾಗುತ್ತದೆ. ಮಗನ ಪರೀಕ್ಷೆ ಮುಗಿಯಿತು, ಮಗಳ ಪರೀಕ್ಷೆ ಮುಗಿಯಿತು, ಮುಂದೇನು? ಬೇಸಿಗೆಯಲ್ಲಿ ನನಗೆ ಬರುವ ಪತ್ರಗಳಲ್ಲಿ ಬಹುಪಾಲು ಈ ಪ್ರಶ್ನೆಯನ್ನೇ ಹೊತ್ತು ತರುತ್ತವೆ. ಈ ಸಲ ನಮ್ಮ ತಾಲೂಕಿನ ಒಂದು ಹಳ್ಳಿಯ ತಾಯಿ ಹೀಗೆ ಬರೆದಿದ್ದಾರೆ:

"ಅಕ್ಕಾರ, ಮಗಳು ಬಿ.ಎಸ್‌ಸಿ. ಮುಗಿಸ್ಯಾಳ. ಎಂ.ಎಸ್‌ಸಿ.ಗೆ ಕೊಲ್ಲಾಪುರಕ್ಕ ಹೋಗ್ತೇನಿ ಅಂತಾಳ. ಇಲ್ಲೀತನಾ ಕತ್ತಲಾದ ಮ್ಯಾಲೆ ಒಂದು ತುತ್ತು ಬಾಯಿಗೆ ಇಟ್ಟಾಕಿ ಅಲ್ಲ. ಅಲ್ಲಿ ಯಾರ ಜೋಡಿ ಇರಬೇಕೋ, ಯಾರ ಕೈಯಾಂದು ಉಣಬೇಕೋ. ಕಳಸೂದೋ ಬ್ಯಾಡೋ, ನೀವ ಹೇಳ್ರಿ."

ಈ ಪತ್ರಕ್ಕೆ ಕೂಡಲೇ ಉತ್ತರ ಬರೆಯಲು ನನಗೆ ಆಗಲಿಲ್ಲ. ನನ್ನ ತಂಗಿಯ ಮಗಳೂ ಕೊಲ್ಲಾಪುರದ ಶಿವಾಜಿ ವಿದ್ಯಾಪೀಠದಲ್ಲೇ ಓದುತ್ತಿದ್ದಾಳೆ. ಸೂಟಿಗೆ ಅವಳನ್ನು ಕರೆತರಲು ಹೇಗೂ ಹೋಗಬೇಕಾಗಿತ್ತು. ಹೋಗಿ, ಕಣ್ಣಾರೆ ನೋಡಿ ಬಂದೇ ಬರೆಯೋಣವೆಂದುಕೊಂಡೆ. ಈಗ ಬರೆಯುತ್ತಿದ್ದೇನೆ. ನೋಡಿದ್ದು ಬೇರೆಯವರನ್ನಷ್ಟೇ ಅಲ್ಲ, ನನ್ನನ್ನೂ ಸ್ವಲ್ಪ ನೋಡಿಕೊಂಡು ಬಂದೆ.

ಮೊದಲು ವಿದ್ಯಾಪೀಠದ ಪರಿಚಯ ಹೇಳುತ್ತೇನೆ. 1962ರ ನವೆಂಬರ್ 18ರಂದು ರಾಷ್ಟ್ರಪತಿ ಡಾ. ರಾಧಾಕೃಷ್ಣನ್ ಅವರು ಇದನ್ನು ಉದ್ಘಾಟಿಸಿದರು. ಕೊಲ್ಲಾಪುರ, ಸಾಂಗಲಿ, ಸಾತಾರಾ ಜಿಲ್ಲೆಗಳ ಕಾಲೇಜುಗಳು ಇದರ ಕೆಳಗೆ ಬರುತ್ತವೆ. ನಮ್ಮ ಜತ್ತ ಸಾಂಗಲಿ ಜಿಲ್ಲೆಯದಾದ್ದರಿಂದ ನಮ್ಮ ಮಕ್ಕಳ ಪದವಿ ಪತ್ರದ ಮೇಲೆ ಇದೇ ವಿದ್ಯಾಪೀಠದ ಮುದ್ರೆ. ಸೋಲಾಪುರ, ಅಕ್ಕಲಕೋಟೆಯ ಬಂಧುಗಳೂ ಮೊದಲು ಇದರಲ್ಲೇ ಇದ್ದರು. 2004ರಲ್ಲಿ ಸೋಲಾಪುರಕ್ಕೆ ಪ್ರತ್ಯೇಕ ವಿದ್ಯಾಪೀಠವಾಯಿತು. ಶಿವಾಜಿ ವಿದ್ಯಾಪೀಠದ ಧ್ಯೇಯವಾಕ್ಯ 'ಜ್ಞಾನಮೇವಾಮೃತಮ್'. ಜ್ಞಾನವೇ ಅಮೃತ ಎಂದು ನಮ್ಮ ಬಸದಿಯ ಗೋಡೆಯ ಮೇಲೆ ಬರೆದರೂ ಯಾರೂ ಬೇಡವೆನ್ನಲಾರರು.

ಎಂಟುನೂರು ಎಕರೆಗೂ ಮಿಕ್ಕಿದ ಆವರಣ. ಮುಖ್ಯ ಕಟ್ಟಡದೆದುರು ಕುದುರೆಯೇರಿದ ಶಿವಾಜಿ ಮಹಾರಾಜರ ಕಂಚಿನ ಮೂರ್ತಿ. ಮಳೆಯ ನೀರು ಹಿಡಿದಿಡಲು ಆವರಣದೊಳಗೆ ಕೆರೆ, ಬಾವಿ. ಗಿಡಗಳ ನಡುವೆ ನವಿಲುಗಳ ಓಡಾಟ. ಬರದ ಸೀಮೆಯಿಂದ ಹೋದ ನನಗೆ ಮೇ ತಿಂಗಳಲ್ಲೂ ಅಲ್ಲಿ ಕಂಡ ಹಸಿರು ಕಣ್ಣಿಗೆ ತಂಪೆನಿಸಿತು.

ಬೇಸಿಗೆಯ ವಿದ್ಯಾಪೀಠವೆಂದರೆ ಅರ್ಧ ಜಾತ್ರೆ, ಅರ್ಧ ಮೌನ. ಒಂದು ಕಡೆ ಪರೀಕ್ಷೆ ಮುಗಿಸಿದ ಹುಡುಗರು ಟ್ರಂಕು, ಗಾದಿ ಕಟ್ಟಿ ರಿಕ್ಷಾಕ್ಕೆ ಹೇರುತ್ತಿರುತ್ತಾರೆ. ಇನ್ನೊಂದು ಕಡೆ ಹೊಸ ಪ್ರವೇಶದ ವಿಚಾರಣೆಗೆ ಬಂದ ತಂದೆ-ಮಕ್ಕಳು ಕಾಗದದ ಫೈಲು ಎದೆಗವಚಿಕೊಂಡು ಕಚೇರಿ ಯಾವುದೆಂದು ಕೇಳುತ್ತ ತಿರುಗುತ್ತಿರುತ್ತಾರೆ. ಗಿಡದ ನೆರಳಿನಲ್ಲಿ ಕೂತ ಒಬ್ಬ ರೈತ ತಮ್ಮ ಮಗನ ದಾಖಲೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು. ಓದು ಬಾರದ ಆ ಮನುಷ್ಯನಿಗೆ ಯಾವ ಕಾಗದ ಯಾವುದೆಂದು ಬಣ್ಣದಿಂದ ಗೊತ್ತಿತ್ತು!

ಗ್ರಂಥಾಲಯ ಮಾತ್ರ ಶಾಂತ. ಬ್ಯಾರಿಸ್ಟರ್ ಬಾಳಾಸಾಹೇಬ ಖರ್ಡೇಕರ ಅವರ ಹೆಸರಿನದು. ಒಳಗೆ ಹೋದರೆ ಅಲ್ಲಲ್ಲಿ ಒಬ್ಬೊಬ್ಬರು ತಲೆ ಬಗ್ಗಿಸಿ ಓದುತ್ತಿದ್ದರು. "ಸೂಟಿಯಾಗೂ ಇವರೇನು ಓದತಾರ?" ಎಂದು ತಂಗಿಯ ಮಗಳನ್ನು ಕೇಳಿದೆ. "ದೊಡ್ಡವ್ವಾ, ಕೆಲವರು ಸಂಶೋಧನೆ ಮಾಡೋರು, ಕೆಲವರು ಸರಕಾರಿ ಪರೀಕ್ಷಾಕ್ಕ ಕೂಡೋರು. ಇನ್ನು ಕೆಲವರಿಗೆ ಹೋಗಾಕ ಊರ ಇಲ್ಲ" ಎಂದಳು. ಕೊನೆಯ ಮಾತು ನನಗೆ ಆಗ ತಿಳಿಯಲಿಲ್ಲ. ಸಂಜೆಗೆ ತಿಳಿಯಿತು.

ಈ ಹುಡುಗಿ ಏಳನೆಯ ಇಯತ್ತೆಯವರೆಗೆ ನಮ್ಮೂರಿನ ಕನ್ನಡ ಶಾಲೆಯಲ್ಲಿ ಕಲಿತವಳು. ಆಮೇಲೆ ಮರಾಠಿ, ಅದಾದ ಮೇಲೆ ಇಂಗ್ಲಿಷು. ಮೊದಲ ವರ್ಷ ಅವಳ ಮರಾಠಿಗೆ ಗೆಳತಿಯರು ನಗುತ್ತಿದ್ದರಂತೆ. ಊಟದ ತೊಂದರೆಯೂ ಇತ್ತು. ಕಂದಮೂಲ ಬಿಟ್ಟವಳು, ಮೆಸ್ಸಿನ ಪಲ್ಯವೆಂದರೆ ವಾರದಲ್ಲಿ ನಾಲ್ಕು ದಿನ ಬಟಾಟೆ. ಅದಕ್ಕಿಂತ ದೊಡ್ಡ ತೊಡಕು ಹೊತ್ತಿನದು. ಮೇ ತಿಂಗಳಲ್ಲಿ ಕೊಲ್ಲಾಪುರದಲ್ಲಿ ಸೂರ್ಯ ಮುಳುಗುವುದು ಏಳರ ಹತ್ತಿರ, ಡಿಸೆಂಬರಿನಲ್ಲಿ ಆರಕ್ಕೇ. ಮೆಸ್ಸಿನ ರಾತ್ರಿಯ ಊಟ ಎಂಟಕ್ಕೆ. ಬೇಸಿಗೆಯಲ್ಲಿ ಹೇಗೋ ನಡೆದೀತು, ಚಳಿಗಾಲದಲ್ಲಿ ಪ್ರಯೋಗಶಾಲೆಯಿಂದ ಹೊರಬೀಳುವಾಗಲೇ ಕತ್ತಲು.

"ಮತ್ತ ಹೆಂಗ ಮಾಡಿದಿ?" ಎಂದೆ.

"ನಾ ಒಬ್ಬಾಕೇ ಮಾಡಲಿಲ್ಲ ದೊಡ್ಡವ್ವಾ. ಒಬ್ಬ ಗೆಳತಿ ಇದ್ದಾಳ. ಬೆಳಿಗ್ಗೆ ಮೆಸ್ಸಿನವರು ಭಾಕ್ರಿ ಮಾಡೂವಾಗ ನನ್ನ ಪಾಲಿಂದು ಇಸಕೊಂಡು ಡಬ್ಬಿ ಕಟ್ಟಿ ಇಡತಿದ್ಲು. ಸಂಜೀಕ ಐದೂವರಿಗೆ ಅದನ್ನ ತಗೊಂಡು ಪ್ರಯೋಗಶಾಲೆ ಬಾಗಲಕ್ಕ ಬರತಿದ್ಲು. ಒಂದು ವರ್ಷ ತಪ್ಪಿಸಿಲ್ಲ."

ಇಷ್ಟು ಕೇಳಿದ ಮೇಲೂ ನಾನು ಮಾಡಿದ ತಪ್ಪನ್ನು ಓದುಗರ ಮುಂದೆ ಒಪ್ಪಿಕೊಳ್ಳಬೇಕು.

ಅಂದು ಸಂಜೆ ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂತೆವು. ಮನೆಯಿಂದ ಕಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ, ಹೆಸರುಕಾಳಿನ ಪಲ್ಯ, ಶೇಂಗಾ ಹೋಳಿಗೆ ಒಯ್ದಿದ್ದೆ. ಅಷ್ಟರಲ್ಲಿ ಆ ಗೆಳತಿ ಬಂದಳು. ಕಪ್ಪಗೆ, ತೆಳ್ಳಗೆ, ನಗುಮುಖದ ಹುಡುಗಿ. ಸಾತಾರಾ ಜಿಲ್ಲೆಯ ಮಾಣ ತಾಲೂಕಿನವಳು. ತಂದೆ-ತಾಯಿ ಮುಂಬಯಿ ಕಡೆ ಕೂಲಿ ಮಾಡುತ್ತಾರೆ. ಊರಲ್ಲಿ ಅಜ್ಜಿ ಇದ್ದಳು, ಹೋದ ವರ್ಷ ತೀರಿಕೊಂಡಳು. ಈಗ ಆ ಮನೆಗೆ ಬೀಗ. ವಿದ್ಯಾಪೀಠದ 'ಕಮವಾ ವ ಶಿಕಾ' ಯೋಜನೆಯಲ್ಲಿ, ಎಂದರೆ 'ದುಡಿ, ಕಲಿ' ಎಂಬುದರಲ್ಲಿ, ದಿನಕ್ಕೆ ಕೆಲವು ತಾಸು ಕೆಲಸ ಮಾಡಿ ಓದುತ್ತಾಳೆ. ಸೂಟಿಯಲ್ಲಿ ಎಲ್ಲರೂ ಹೋದ ಮೇಲೂ ಇವಳು ಇಲ್ಲೇ. ಹೋಗಲು ಊರಿಲ್ಲದವರು ಯಾರೆಂದು ನನಗೆ ಆಗ ತಿಳಿಯಿತು.

ತಿಳಿದ ಮೇಲೆ ಎಲೆ ಹಾಕಿ ಕೂಡ್ರಿಸಬೇಕಿತ್ತು. ನನ್ನ ಬಾಯಿಂದ ಬಂದ ಮಾತು ಬೇರೆ. "ನಿಮ್ಮದು ಯಾರ ಪೈಕಿ, ತಂಗಿ?" ಎಂದು ಕೇಳಿಬಿಟ್ಟೆ. ಬೇಕೆಂದು ಕೇಳಿದ್ದಲ್ಲ, ಅರವತ್ತು ವರ್ಷದ ರೂಢಿ ಕೇಳಿಸಿತು. ಹುಡುಗಿ ಒಂದು ಕ್ಷಣ ಸುಮ್ಮನಾಗಿ, ತನ್ನ ಸಮಾಜದ ಹೆಸರನ್ನು ಹೇಳಿದಳು. ಹೇಳಿ, "ಮಾವಶಿ, ನಾನು ನನ್ನ ತಾಟು ತರುತ್ತೇನೆ, ನೀವು ಮೇಲಿಂದ ಹಾಕಿರಿ" ಎಂದು ಮರಾಠಿಯಲ್ಲಿ ಅಂದು ಎದ್ದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು. ಎಷ್ಟು ಮನೆಗಳಲ್ಲಿ ಹೀಗೆ ಎದ್ದು ರೂಢಿಯಾಗಿತ್ತೋ!

ತಂಗಿಯ ಮಗಳು ನನ್ನ ಮುಖ ನೋಡಲಿಲ್ಲ. ಅವಳ ಕೈ ಹಿಡಿದು ಕೂಡ್ರಿಸಿ ತನ್ನ ತಾಟಿನಲ್ಲೇ ರೊಟ್ಟಿ ಮುರಿದು ಇಟ್ಟಳು. ನಾನು ಬಡಿಸಿದೆ. ಆದರೆ ಆ ಹೊತ್ತಿನ ಹೋಳಿಗೆಯ ರುಚಿ ನನಗೆ ಹತ್ತಲಿಲ್ಲ.

ಮರುದಿನ ಬೆಳಿಗ್ಗೆ ದೇವದರ್ಶನ ಮುಗಿಸಿ ದಸರಾ ಚೌಕಕ್ಕೆ ಬಂದೆ. ಅಲ್ಲಿ ನಮ್ಮ ದಿಗಂಬರ ಜೈನ ಬೋರ್ಡಿಂಗ್ ಇದೆ. ರಾಜರ್ಷಿ ಶಾಹು ಮಹಾರಾಜರು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಒಂದೊಂದು ಸಮಾಜದ ಮಕ್ಕಳಿಗೂ ವಸತಿಗೃಹವಾಗಲೆಂದು ನೆರವಾದರು. ಹಳ್ಳಿಯ ಬಡ ಹುಡುಗ ಊರು ಬಿಟ್ಟು ಬಂದು ಓದಬೇಕಾದರೆ ಅವನಿಗೆ ಮೊದಲು ಬೇಕಾದದ್ದು ಒಂದು ಮೂಲೆ, ಎರಡು ಹೊತ್ತಿನ ಅನ್ನ ಎಂಬುದು ಅವರಿಗೆ ಗೊತ್ತಿತ್ತು. 1899ರಲ್ಲಿ ಹುಟ್ಟಿದ ನಮ್ಮ ದಕ್ಷಿಣ ಭಾರತ ಜೈನ ಸಭೆಯ ಹಿರಿಯರೂ ಬೋರ್ಡಿಂಗುಗಳಿಗಾಗಿ ಬಹಳ ದುಡಿದರು. ಅವರ ಉಪಕಾರವನ್ನು ಮರೆಯಬಾರದು. ನಮ್ಮ ಸಮಾಜದಲ್ಲಿ ಇಂದು ಇಷ್ಟು ಜನ ವಕೀಲರು, ವೈದ್ಯರು, ಶಿಕ್ಷಕರು ಇದ್ದರೆ ಅದಕ್ಕೆ ಆ ಅನ್ನವೂ ಕಾರಣ.

ಆ ಬೋರ್ಡಿಂಗಿನಲ್ಲಿ ಓದಲು ಬಂದಿದ್ದ ಒಬ್ಬ ಹುಡುಗನ ಕಥೆ ಅಲ್ಲಿ ನಿಂತಾಗ ನೆನಪಾಯಿತು. 1887ರ ಸೆಪ್ಟೆಂಬರ್ 22ರಂದು ಕುಂಭೋಜದಲ್ಲಿ ಹುಟ್ಟಿದ ಭಾವೂರಾವ ಪಾಟೀಲ. ನಮ್ಮ ಜೈನ ಮನೆತನದವರೇ. ಅವರ ಪೂರ್ವಜರು ಮೂಡಬಿದಿರೆಯ ಕಡೆಯಿಂದ ಬಂದವರೆಂದು ಚರಿತ್ರೆ ಬರೆದವರು ಹೇಳುತ್ತಾರೆ. 1908ರಲ್ಲಿ ಕೊಲ್ಲಾಪುರದಲ್ಲಿ ಅಸ್ಪೃಶ್ಯರೆನಿಸಿಕೊಂಡ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಹೆಸರಿನ ವಸತಿಗೃಹ ಉದ್ಘಾಟನೆಯಾಯಿತು. ಆ ಸಮಾರಂಭಕ್ಕೆ ಭಾವೂರಾವ ಹೋದರು. ತಿರುಗಿ ಬಂದಾಗ ಬೋರ್ಡಿಂಗಿನಲ್ಲಿ, "ಸ್ನಾನ ಮಾಡಿಯೇ ಒಳಗೆ ಬಾ" ಎಂಬ ಮಾತು ಬಂತು. "ಮಾಡುವುದಿಲ್ಲ" ಎಂದರು ಹುಡುಗ. ಬೋರ್ಡಿಂಗು ಬಿಡಬೇಕಾಯಿತು.

ಹಾಗೆ ಹೊರಬಿದ್ದವರು ಮ್ಯಾಟ್ರಿಕ್ ಕೂಡ ಮುಗಿಸಲಿಲ್ಲ. ಆದರೆ 1919ರಲ್ಲಿ ಕರಾಡದ ಹತ್ತಿರ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1924ರಲ್ಲಿ ಸಾತಾರೆಯಲ್ಲಿ ತೆರೆದ ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಮಕ್ಕಳೂ ಕೂಡಿ ಅಡಿಗೆ ಮಾಡಿ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. 1927ರಲ್ಲಿ ಮಹಾತ್ಮಾ ಗಾಂಧಿಯವರು ಬಂದು ನೋಡಿ ಹರಸಿದರು. ಮಕ್ಕಳು ಹೊಲದಲ್ಲಿ ದುಡಿದು, ಕಲ್ಲು ಹೊತ್ತು, ತಮ್ಮ ಓದಿನ ಅನ್ನವನ್ನು ತಾವೇ ಗಳಿಸಬೇಕೆಂಬ ರೀತಿಯನ್ನು ಬೆಳೆಸಿದವರು ಅವರು. ನಾನು ಕಂಡ ಆ ಮಾಣ ತಾಲೂಕಿನ ಹುಡುಗಿಯ 'ಕಮವಾ ವ ಶಿಕಾ' ಆ ಬೇರಿನ ಚಿಗುರೇ.

ಅವರಿಗಿಂತ ಒಂದು ಕೈ ಹೆಚ್ಚು ಎನ್ನಬೇಕಾದವರು ಅವರ ಧರ್ಮಪತ್ನಿ ಲಕ್ಷ್ಮೀಬಾಯಿ. ಮಡಿ-ಹುಡಿಯ ಮನೆಯಿಂದ ಬಂದ ಆ ತಾಯಿ ಎಲ್ಲ ಜಾತಿಯ ಮಕ್ಕಳಿಗೆ ಅನ್ನ ಬಡಿಸಿದರು. ಬೋರ್ಡಿಂಗಿನಲ್ಲಿ ಕಾಳು ತೀರಿದಾಗ ಮೈಮೇಲಿನ ಬಂಗಾರ ಕೊಟ್ಟರು. ಕೊನೆಗೆ ಮಂಗಳಸೂತ್ರವನ್ನೂ ಮಾರಲು ಕೊಟ್ಟರು. 1930ರಲ್ಲಿ ತೀರಿಕೊಂಡರು. 1959ರಲ್ಲಿ ಪುಣೆ ವಿದ್ಯಾಪೀಠ ಭಾವೂರಾವರಿಗೆ ಡಿ.ಲಿಟ್. ಪದವಿ ಕೊಟ್ಟು ಗೌರವಿಸಿತು, ಸರಕಾರ ಪದ್ಮಭೂಷಣ ಕೊಟ್ಟಿತು. ಅದೇ ವರ್ಷದ ಮೇ 9ರಂದು ಕರ್ಮವೀರರು ದೇಹ ಬಿಟ್ಟರು. ಪ್ರತಿ ಬೇಸಿಗೆಯಲ್ಲಿ ಅವರ ಪುಣ್ಯತಿಥಿ ಬರುತ್ತದೆ. ಫೋಟೋಕ್ಕೆ ಹಾರ ಹಾಕಿ, "ನಮ್ಮವರು" ಎಂದು ಹೆಮ್ಮೆಪಡುತ್ತೇವೆ. ಅವರನ್ನು ಒಂದು ದಿನ ಬಾಗಿಲಾಚೆ ನಿಲ್ಲಿಸಿದವರೂ ನಮ್ಮವರೇ ಎಂಬುದನ್ನು ಹೇಳುವುದಿಲ್ಲ. ಹಿಂದಿನ ಸಂಜೆ ಆ ಹುಡುಗಿಯನ್ನು ತಾಟು ತರಲು ಎಬ್ಬಿಸಿದವಳೂ ನಿಮ್ಮ ಈ ಅಂಕಣದವಳೇ.

ವ್ರತ ಬಿಡಬೇಕೆಂದು ನಾನು ಹೇಳುತ್ತಿಲ್ಲ. ನನ್ನ ತಂಗಿಯ ಮಗಳು ವ್ರತ ಬಿಟ್ಟಿಲ್ಲ. ಕಂದಮೂಲ ತಿಂದಿಲ್ಲ, ಕತ್ತಲಾದ ಮೇಲೆ ಉಂಡಿಲ್ಲ, ನೀರು ಸೋಸಿಯೇ ಕುಡಿಯುತ್ತಾಳೆ. ಆದರೆ ಅವಳ ವ್ರತ ಒಂದು ವರ್ಷ ಉಳಿದದ್ದು ಯಾರಿಂದ? ನಮ್ಮ ಸಮಾಜದವಳಲ್ಲದ, ಆ ವ್ರತದ ಹೆಸರೂ ಮೊದಲು ಕೇಳಿರದ ಒಬ್ಬ ಗೆಳತಿ ದಿನಾ ಐದೂವರೆಗೆ ಡಬ್ಬಿ ಹಿಡಿದು ಬಂದದ್ದರಿಂದ. ರಾತ್ರಿಭೋಜನ ಬಿಡುವುದು ಜೀವದಯೆಗಾಗಿ. ಕಣ್ಣಿಗೆ ಕಾಣದ ಹುಳಕ್ಕೆ ದಯೆ ತೋರಿಸಿ, ಕಣ್ಣೆದುರಿನ ಮಗುವನ್ನು ತಾಟು ತರಲು ಎಬ್ಬಿಸಿದರೆ ಆ ದಯೆಗೆ ಏನರ್ಥ?

ಕೊಲ್ಲಾಪುರ ಪರಸ್ಥಳವೆಂದು ಹೆದರುವ ಕನ್ನಡ ತಾಯಂದಿರಿಗೆ ಇನ್ನೊಬ್ಬರ ನೆನಪು ಮಾಡಿಕೊಡುತ್ತೇನೆ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆ. ಮನೆಮಾತು ಕನ್ನಡ. 1930ರಿಂದ ಮೂರು ದಶಕ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸಿದರು. 1935ರಲ್ಲಿ ಕುಂದಕುಂದಾಚಾರ್ಯರ 'ಪ್ರವಚನಸಾರ'ವನ್ನು ಸಂಪಾದಿಸಿ ಕೊಟ್ಟ ಗ್ರಂಥ ಜಗತ್ತಿನ ವಿದ್ವಾಂಸರ ಕಣ್ಣು ತೆರೆಸಿತು. ಇದೇ ಶಿವಾಜಿ ವಿದ್ಯಾಪೀಠದಲ್ಲಿ ಕಲಾ ವಿಭಾಗದ ಡೀನರಾಗಿದ್ದರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕರಾದರು. ಮರಾಠಿ ಊರಿನಲ್ಲಿ ಬಾಳಿದ್ದರಿಂದ ಅವರ ಕನ್ನಡವೂ ಹೋಗಲಿಲ್ಲ, ಧರ್ಮವೂ ಹೋಗಲಿಲ್ಲ. ಈಗ ಶಿವಾಜಿ ವಿದ್ಯಾಪೀಠದಲ್ಲಿ ಭಗವಾನ್ ಮಹಾವೀರರ ಹೆಸರಿನ ಅಧ್ಯಯನ ಪೀಠವೂ ಇದೆ.

ಇನ್ನು ಬರಲಿರುವುದು ಜ್ಯೇಷ್ಠ ಶುಕ್ಲ ಪಂಚಮಿ, ನಮ್ಮ ಶ್ರುತಪಂಚಮಿ. ಅದರ ಕಥೆಯೂ ಊರು ಬಿಟ್ಟು ಓದಲು ಹೋದವರದೇ. ಗಿರನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ ವಯಸ್ಸಾಗಿತ್ತು. ತಮ್ಮ ಜೊತೆಗೇ ಶ್ರುತಜ್ಞಾನ ಮುಗಿದುಹೋದೀತೆಂದು ದಕ್ಷಿಣದ ಮುನಿಸಂಘಕ್ಕೆ ಪತ್ರ ಕಳಿಸಿದರು. ಇಬ್ಬರು ತರುಣ ಮುನಿಗಳು ಅಷ್ಟು ದೂರ ನಡೆದು ಹೋದರು. ಅಕ್ಷರ ಹೆಚ್ಚು-ಕಡಿಮೆಯಾದ ಮಂತ್ರ ಕೊಟ್ಟು ಗುರುಗಳು ಪರೀಕ್ಷಿಸಿದರು, ಶಿಷ್ಯರು ತಿದ್ದಿಕೊಂಡು ಗೆದ್ದರು. ಪುಷ್ಪದಂತರು ಬನವಾಸಿ ನಾಡಿಗೆ ಬಂದು ಷಟ್ಖಂಡಾಗಮಕ್ಕೆ ಮೊದಲಿಟ್ಟರು. ಭೂತಬಲಿ ಆಚಾರ್ಯರು ಪೂರ್ತಿ ಮಾಡಿದರು. ಅದು ಪೂರ್ಣವಾದ ದಿನವೇ ಶ್ರುತಪಂಚಮಿ. ಅದರ ಧವಲಾ ಟೀಕೆಯ ಹಳಗನ್ನಡ ಲಿಪಿಯ ತಾಡವೋಲೆಗಳನ್ನು ಮೂಡಬಿದಿರೆ ಕಾಪಾಡಿತು. 1939ರಿಂದ ಡಾ. ಹೀರಾಲಾಲ್ ಜೈನರು ಅದನ್ನು ಅಚ್ಚಿಗೆ ತಂದಾಗ ಉಪಾಧ್ಯೆಯವರೂ ಕೈಜೋಡಿಸಿದರು.

ಶ್ರುತಪಂಚಮಿಯಂದು ನಾವು ಗ್ರಂಥಗಳ ಧೂಳು ಝಾಡಿಸಿ, ಹೊಸ ಬಟ್ಟೆ ಸುತ್ತಿ, ಪೂಜೆ ಮಾಡುತ್ತೇವೆ. ಒಳ್ಳೆಯದೇ. ಆದರೆ ನಮ್ಮಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನ ಹೇಳಿದ್ದಾರೆ. ಮನೆ ಬಿಟ್ಟು ಬಂದ ಒಬ್ಬ ವಿದ್ಯಾರ್ಥಿಗೆ ಸೂಟಿಯಲ್ಲಿ ಎಂಟು ದಿನ ಅನ್ನ ಹಾಕಿ, ಓದಲು ಒಂದು ಮೂಲೆ ಕೊಟ್ಟು, "ಹೆದರಬೇಡ" ಎಂದರೆ ನಾಲ್ಕರಲ್ಲಿ ಮೂರು ದಾನ ಒಟ್ಟಿಗೇ ಆಗುತ್ತವೆ. ಕೊಲ್ಲಾಪುರ, ಸಾಂಗಲಿ, ಸೋಲಾಪುರದಲ್ಲಿ ಮನೆ ಇರುವ ಬಂಧುಗಳು ಇದನ್ನು ಯೋಚಿಸಬೇಕು. ಬರೀ ನಮ್ಮ ಮಕ್ಕಳಿಗಲ್ಲ. ಯಾರ ಪೈಕಿ ಎಂದು ಕೇಳದೆ.

ಪತ್ರ ಬರೆದ ತಾಯಿಗೆ ಈಗ ನನ್ನ ಉತ್ತರ:

ತಂಗೀ, ಮಗಳನ್ನು ಕಳಿಸು. ಪ್ರವೇಶದ ಕಾಗದದ ಜೊತೆಗೇ ವಸತಿಗೃಹದ ಅರ್ಜಿಯನ್ನೂ ಹಾಕಿಸು. ತಡಮಾಡಿದರೆ ಜಾಗ ಸಿಗದು. ಮೆಸ್ಸಿನವರಿಗೆ ಮೊದಲ ದಿನವೇ ಸಂಕೋಚವಿಲ್ಲದೆ ತನ್ನ ನಿಯಮ ಹೇಳಲಿ. ಹೇಳಿದರೆ ಬಹಳ ಜನ ನಡೆಸಿಕೊಡುತ್ತಾರೆ. ಚಳಿಗಾಲಕ್ಕೆಂದು ಬಿಗಿ ಮುಚ್ಚಳದ ಎರಡು ಡಬ್ಬಿ, ನೀರು ಸೋಸುವ ಬಟ್ಟೆ, ಒಂದು ತಿಂಗಳಿಗಾಗುವಷ್ಟು ಚಟ್ನಿಪುಡಿ, ಕಡಕ್ ರೊಟ್ಟಿ ಕಟ್ಟಿಕೊಡು. ರೊಟ್ಟಿಯನ್ನು ಇಬ್ಬರಿಗಾಗುವಷ್ಟು ಕಟ್ಟು. ಯಾರ ಜೋಡಿ ಇರಬೇಕೆಂದು ಕೇಳಿದ್ದೀ. ಹೊತ್ತಿಗೆ ಡಬ್ಬಿ ಹಿಡಿದು ಬರುವವಳ ಜೋಡಿ ಇರಲಿ. ನಿನ್ನ ಮಗಳೂ ಇನ್ನೊಬ್ಬಳಿಗೆ ಹಾಗೆಯೇ ಇರಲಿ.

ಕೊಲ್ಲಾಪುರದಿಂದ ಹೊರಡುವ ಬೆಳಿಗ್ಗೆ ನಾನು ಆ ಹುಡುಗಿಯನ್ನು ಕರೆದು, "ನನ್ನ ಮಾತಿಂದ ನಿನ್ನ ಮನಸ್ಸು ನೊಂದಿದ್ದರೆ ಕ್ಷಮಿಸವ್ವಾ" ಎಂದೆ. ಪರ್ಯುಷಣದಲ್ಲಿ ಎಷ್ಟು ಜನರಿಗೆ ಕ್ಷಮಾಪಣೆ ಹೇಳಿದ್ದೇನೋ, ಇಷ್ಟು ಕಷ್ಟ ಎಂದೂ ಆಗಿರಲಿಲ್ಲ. ಅವಳು ನಕ್ಕು, "ಮಾವಶಿ, ಹೋಳಿಗೆ ಛಲೋ ಇತ್ತು" ಎಂದಳು. ಆ ಒಂದು ಮಾತನ್ನು ಕನ್ನಡದಲ್ಲಿ ಅಂದಳು. ನನ್ನ ತಂಗಿಯ ಮಗಳಿಂದ ಕಲಿತಿದ್ದಳಂತೆ.

ಅವಳ ಕೆಲಸಕ್ಕೆ ಈ ತಿಂಗಳ ಕೊನೆಗೆ ಎಂಟು ದಿನ ಬಿಡುವಿದೆ. ನಮ್ಮಲ್ಲಿಗೆ ಬರುತ್ತಾಳೆ. ಮಾಳಿಗೆಯ ಮೇಲೆ ಇನ್ನೂ ಶಾವಿಗೆ ಒಣಗುವುದಿದೆ, ಕೈ ಸಾಲದಾಗಿದೆ. ಇಬ್ಬರೂ ಹುಡುಗಿಯರು ಕೂಡಿ ಮಾಡುತ್ತಾರೆ, ಕೂಡಿ ಉಣ್ಣುತ್ತಾರೆ. ನಾನು ಬಡಿಸುತ್ತೇನೆ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ನಿಮ್ಮ ಮನೆಯಲ್ಲಿ ಈ ಸೂಟಿಗೆ ಯಾರಾದರೂ ವಿದ್ಯಾರ್ಥಿ ಉಳಿದಿದ್ದರೆ ಆ ಸಮಾಚಾರ ಬರೆದು ಕಳಿಸಿರಿ. ಜಯ ಜಿನೇಂದ್ರ.